ಬಣ್ಣ ಭಾಳ, ಖಾರ ಕಮ್ಮಿ

ಧಾರವಾಡದಾಗ ಕಾರ್ಯಕ್ರಮ ಐತಿ, ಬರಬೇಕು ಅಂತ
ಮಾಜಿ ಸೈನಿಕರ ಕಡಿಂದ ಕಾಗದ ಬಂತು.
ಒಂದಿನದ ಪಗಾರ ಬಿಟ್ಟು ಹೋದೆ.
ಹಾವೇರಿ ದಾಟೂತನಕ ಬಸ್ಸಿನಾಗ ನಿಂತೇ ಇದ್ದೆ.

ಒಬ್ಬರು ಅಮ್ಮಾರು, ಬಿಳೇ ಕೂದಲು, ಮೆತ್ತನ ಕೈ,
ನನ್ನ ಸೆರಗಿಗೆ ಕೆಂಪು ಬಟ್ಟಿ ಹೂವು ಚುಚ್ಚಿದ್ರು.
ನಡುವ ಒಂದು ಕರೀ ಚುಕ್ಕಿ.
"ಇದೇನ್ ಹೂವ್ರೀ?" ಅಂದೆ.
ದೂರದ ದೇಶದಾಗ, ನೂರು ವರ್ಷದ ಹಿಂದ,
ದೊಡ್ಡ ಲಡಾಯಿ ಮುಗಿದ ಹೊಲದಾಗ
ಗುಂಡು ಅಗೆದ ಮಣ್ಣಿನಾಗ ತಾನೇ ಎದ್ದ ಹೂವಂತ.
ಸತ್ತವರ ನೆನಪಿಗೆ ಅಲ್ಲಿ ಎಲ್ಲಾರೂ ಇಟ್ಕೋತಾರಂತ.
"ನಮ್ಮ ಗಸಗಸೆ ಇಲ್ಲೇನು, ಅದರ ಬಳಗದ್ದು" ಅಂದ್ರು.

ಗಸಗಸೆ!
ಕೊಬ್ರಿ ಬೆಲ್ಲ ಹಾಕಿ ಅರದು ಪಾಯಸ ಮಾಡಿ
ನಮ್ಮ ಹೊಳಬಸ್ಯಾಗ ಎಷ್ಟು ಸಲ ಕುಡಿಸೇನಿ.
ಎರಡು ಲೋಟಾ ಕುಡದು, ಬಾಯಿ ತೆರಕೊಂಡು
ಸಂಜೀತನಕ ಕಟ್ಟಿ ಮ್ಯಾಲೆ ಬಿದ್ದಿರ್ತಿದ್ದ.
ಏಳೋ ತಮ್ಮಾ, ದೀಪ ಹಚ್ಚೂ ಹೊತ್ತಾತು ಅಂದ್ರ
"ಇನ್ನೊಂದೀಟು, ಅಕ್ಕಾ" ಅಂತಿದ್ದ.

ಮೈಕಿನಾಗ ಹೆಸರು ಓದಿದ್ರು.
"ಹೋಲ್ ಬಸಪ್ಪ" ಅಂದ್ರು.
ಯಾರಪಾ ಇವ ಅಂತ ನಾನೂ ಆಕಡೆ ಈಕಡೆ ನೋಡಿದೆ.
ಹೊಳಿ ದಂಡಿ ಬಸಪ್ಪಗ ಹರಕಿ ಹೊತ್ತು ಹುಟ್ಟಿದಾಂವ ಅವಾ;
ಹೆಸರಿನಾಗಿನ ಹೊಳಿ
ಆ ಮೈಕಿನಾಗ ಬತ್ತಿಹೋತು.
ಆಮ್ಯಾಲೆ ಎದ್ದು ನಿಂತೆ.
ಶಾಲು ಹೊದಿಸಿದ್ರು. ಫೋಟೋ ಹೊಡದ್ರು.
ಉಪ್ಪಿಟ್ಟು ಛಲೋ ಇತ್ತು, ಸುಳ್ಳ್ಯಾಕ ಹೇಳ್ಲಿ.

ಅವಾ ಬಿದ್ದಲ್ಲಿ ಹೂವು ಎದ್ದಿಲ್ಲ.
ಅಲ್ಲಿ ಮಣ್ಣೇ ಇಲ್ಲಂತ, ಬರೇ ಹಿಮ.
ಗುಂಡು ಹತ್ತಲಿಲ್ಲ, ವೈರಿ ಬರಲಿಲ್ಲ,
ಮಲಗಿದ ಡೇರೆ ಮ್ಯಾಲೆ ಗುಡ್ಡ ಜಾರಿ ಕುಂತಿತು, ಅಷ್ಟೇ.
"ಇನ್ನೊಂದೀಟು" ಅಂದನೋ ಏನೋ.

ಪೆಟ್ಟಿಗಿ ತೆರೀಬ್ಯಾಡ್ರಿ ಅಂದ್ರು. ತೆರೀಲಿಲ್ಲ.
ತಿಂಗಳ ಮ್ಯಾಲೆ ಅವನ ಕರೀ ಟ್ರಂಕು ಬಂತು.
ಎರಡು ಬನೀನು, ಒಂದು ಟಾರ್ಚು,
ನಾನೇ ಕುಟ್ಟಿ ಕಳಿಸಿದ ಖಾರಪುಡಿ ಡಬ್ಬಿ, ಅರ್ಧ ಖಾಲಿ.
ಅರ್ಧ ಉಂಡಾನ.
ಅಷ್ಟು ಲೆಕ್ಕ ನನಗ ಸಿಕ್ಕಿತು.

ಮರುದಿನ ಕೆಲಸಕ್ಕ ಅದೇ ಸೀರಿ, ಅದೇ ಹೂವು.
ತಗೀಬೇಕಂತ ನೆನಪಾಗಲಿಲ್ಲ.
ಸುಗ್ಗಿಯೊಳಗ ಬ್ಯಾಡಗಿ ಮಾರ್ಕೆಟ್ಟು ನೀವು ನೋಡಬೇಕು,
ನೆಲ ಕಾಣೂದಿಲ್ಲ.
ಕಣ್ಣು ಹಾಯೂತನಕ ಕೆಂಪು, ಸುಕ್ಕುಗಟ್ಟಿದ ಕೆಂಪು,
ನಡುವ ತೊಟ್ಟು ಮುರೀತ ಕುಂತ ಹೆಂಗಸರು.
ಅಷ್ಟು ಕೆಂಪಿನಾಗ ನನ್ನ ಹೂವು ಯಾರಿಗೆ ಕಾಣಬೇಕು?
ಮಾಬೂಬಿಗೆ ಕಂಡಿತು.
"ಏನ ಫಕೀರವ್ವಾ, ನಿನ್ನಿ ಲಗ್ನಕ್ಕ ಹೋಗಿದ್ದೇನು?"
ಹೇಳಿದೆ.
ಆಕಿ ಕೈ ನಿಲ್ಲಲಿಲ್ಲ. ಕಿಲೋದ ಲೆಕ್ಕದ ಕೂಲಿ, ಹೆಂಗ ನಿಲ್ಲತೈತಿ?
ತೊಟ್ಟು ಮುರಿದಿಟ್ಟ ತನ್ನ ಕಾಯಿ, ಎರಡು ಬೊಗಸಿ,
ನನ್ನ ಬುಟ್ಟಿಗೆ ಸುರುವಿದ್ಲು.
"ನಿನ್ನಿ ಪಗಾರ ಹೋತಲ್ಲ" ಅಂದ್ಲು.

ಘಾಟಿಗೆ ಎಲ್ಲಾರ ಕಣ್ಣೂ ಒದ್ದಿ.
ಇಲ್ಲಿ ಯಾರೂ ಯಾರನ್ನೂ ಯಾಕಂತ ಕೇಳೂದಿಲ್ಲ.

ಮಧ್ಯಾಹ್ನ ನೋಡ್ತೇನಿ, ಪಿನ್ನು ಐತಿ, ಹೂವಿಲ್ಲ.
ರಾಶಿ ಕೆದರಿದೆ, ಎರಡು ಸಲ. ಬಿಟ್ಟೆ.
ಅಷ್ಟೊತ್ತಿಗೆ ಚೀಲ ಹೊಲದು ಲಾರಿ ತುಂಬಿದ್ರು.
ನಮ್ಮ ಊರ ಕಾಯಿಗೆ ಬಣ್ಣ ಭಾಳ, ಖಾರ ಕಮ್ಮಿ;
ಬಣ್ಣ ಹಿಂಡಿ ತುಟಿಗೆ ಹಚ್ಚೂದಕ್ಕ ಮಾರ್ತಾರಂತ
ಸಾವಕಾರ ಹೇಳ್ತಿದ್ದ.
ಯಾವ ಊರ ಹುಡುಗಿ ತುಟಿಗೆ ಕುಂತೀತೋ, ಕುಂದರ್ಲಿ.

ಡಬ್ಬಿಯೊಳಗಿನ ಪುಡಿ ಈಗ ಮಣ್ಣಿನ ಬಣ್ಣ.
ಮುಚ್ಚಳ ತಗದ್ರ ಮಾತ್ರ
ಘಾಟು ಇನ್ನೂ ಹಂಗೇ ಐತಿ.

ಪಿನ್ನು ಬಳೀಗೆ ಸಿಗಿಸ್ಕೊಂಡೇನಿ.
ಬೆರಳಿಗೆ ಮುಳ್ಳು ನಟ್ರ ಬೇಕಾಗತೈತಿ.